ಎಲ್‌ಎಸ್‌ಡಿ ಮಿದುಳಿಗೆ ಏನು ಮಾಡುತ್ತದೆ, ತಿಳಿಸಿ

ಮಾನ್ಯರೇ,

ಬೆಂಗಳೂರಿನಲ್ಲಿ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವಸ್ತು ಸಿಕ್ಕಿಬಿದ್ದ ಸುದ್ದಿಗಳಲ್ಲಿ ಅದರ ಬೆಲೆ ಇರುತ್ತದೆ. ಅದು ಮಿದುಳಿಗೆ ಏನು ಮಾಡುತ್ತದೆ ಎಂಬುದು ಇರುವುದಿಲ್ಲ. ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕ ಕೂರಬೇಕಾದ ಗ್ರಾಹಕಗಳಲ್ಲಿ (ಕೋಶದ ಮೇಲೆ ಸಂದೇಶ ಪಡೆಯುವ ರಿಸೆಪ್ಟರ್ ಎಂಬ ಜಾಗಗಳಲ್ಲಿ), ಮುಖ್ಯವಾಗಿ 5-ಎಚ್‌ಟಿ2ಎ ಎಂಬುದರಲ್ಲಿ, ಎಲ್‌ಎಸ್‌ಡಿ ಹೋಗಿ ಕೂರುತ್ತದೆ. ಇದೇ ಗುಂಪಿನ ಇನ್ನೊಂದು ಗ್ರಾಹಕದ ರಚನೆಯನ್ನು 2017ರಲ್ಲಿ ವಿಜ್ಞಾನಿಗಳು ನೋಡಿದಾಗ, ಎಲ್‌ಎಸ್‌ಡಿ ಒಳಹೊಕ್ಕ ಮೇಲೆ ಗ್ರಾಹಕದ ಒಂದು ಭಾಗ ಮುಚ್ಚಳದಂತೆ ಮುಚ್ಚಿಕೊಳ್ಳುವುದು ಕಂಡಿತು. ಭ್ರಮೆ ಗಂಟೆಗಟ್ಟಲೆ ಇಳಿಯದಿರಲು ಇದೂ ಕಾರಣವಂತೆ. ನಡುವೆ ಭಯ ಹತ್ತಿದರೂ ಬೇಕೆಂದಾಗ ನಿಲ್ಲಿಸಲು ಆಗುವುದಿಲ್ಲ. ‘ಸುಮ್ನೆ ಒಂದ್ಸಲ’ ಎನ್ನುವ ಹುಡುಗರಿಗೆ ಇದು ಗೊತ್ತಿರಬೇಕು ಅಲ್ವಾ? ಬರೀ ಹೆದರಿಸುವ ಭಾಷಣ ಅವರಿಗೆ ಸಾಕಾಗಿದೆ.

ನಿಮ್ಹಾನ್ಸ್ ವೈದ್ಯರಿಂದ ಪಿಯು ಕಾಲೇಜುಗಳಲ್ಲಿ ಈ ವಿಷಯವನ್ನು ಕನ್ನಡದಲ್ಲೇ ಹೇಳಿಸಬೇಕು. ಪತ್ರಿಕೆಯೂ ಅಂಥ ಸುದ್ದಿಯ ಕೆಳಗೆ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯನ್ನು ಹಾಕಲಿ.

– ಒಬ್ಬ ಓದುಗ, ಜಯನಗರ, ಬೆಂಗಳೂರು