ಕಪಾಟಿನ ಬೀಗ ತೆಗೆಸಿ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ಶಾಲೆಗಳಲ್ಲಿ ವಿಜ್ಞಾನ ಕಿಟ್ ಇಟ್ಟಿರುವ ಕಪಾಟಿನ ಬೀಗ ತೆಗೆಸಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಪೋಷಕರು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಠರಾವು ಬರೆಯುತ್ತಾರೆ, ಸಹಿ ಬೀಳುತ್ತದೆ, ಕಪಾಟು ತೆರೆಯುವುದಿಲ್ಲ. ಮಕ್ಕಳು ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಯಬೇಕು ಎನ್ನುವ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿಮಗೆ ಗೊತ್ತಿರುವಂಥದ್ದೇ.

ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಯಿಂದಲೇ ಕಲಿಸುವ ನಲಿ-ಕಲಿ ತರಗತಿಯಲ್ಲಿ ಮಗು ತನ್ನ ಕಲಿಕೆಯ ಕಾರ್ಡು ತಾನೇ ತೆಗೆದುಕೊಂಡು ತನ್ನ 'ತಟ್ಟೆ'ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ, ಹವಾಮಾನ ನಕ್ಷೆಯನ್ನು ತಾನೇ ತುಂಬುತ್ತದೆ. ಅದೇ ಮಗು ನಾಲ್ಕನೇ ತರಗತಿಗೆ ಕಾಲಿಟ್ಟರೆ ಕೈಕಟ್ಟಿ ಕೂರಬೇಕು. ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ. ದಾಸ್ತಾನು ವಹಿಯಲ್ಲಿ ಬರೆದ ಲೆನ್ಸ್ ಒಡೆದರೆ ಲೆಕ್ಕ ಕೊಡಬೇಕಾದವರು ಅವರು. ಆ ಭಯಕ್ಕೇ ಬೀಗ ಬಿದ್ದಿದೆ.

ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ತಪಾಸಣೆಯ ದಿನ ಸಾಮಾನುಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ, 'ಮುಟ್ಟಬಾರದು' ಎಂದು ಚೀಟಿ ಅಂಟಿಸಿದ್ದರು. ಮಕ್ಕಳನ್ನು ಹಿಂದೆ ನಿಲ್ಲಿಸಿ ಫೋಟೊ ತೆಗೆದರು. ಅಧಿಕಾರಿಗಳ ಜೀಪು ಗೇಟು ದಾಟುವ ಮೊದಲೇ ಎಲ್ಲವೂ ಮತ್ತೆ ಒಳಗೆ. ಆಯಸ್ಕಾಂತ ಮುಟ್ಟಲು ಕೈ ಚಾಚಿದ ಹುಡುಗಿಗೆ ಗದರಿಕೆ ಬೇರೆ. ಯಾರಿಗಾಗಿ ಸ್ವಾಮಿ ಈ ಕಿಟ್? ಫೋಟೊಗಾಗಿಯೇ?

ಬೀಗ ಹಾಕಿದರೆ ಸಾಮಾನು ಉಳಿಯುತ್ತದೆ ಎಂಬುದೂ ಸುಳ್ಳು. ಟಾರ್ಚಿನೊಳಗೇ ಬಿಟ್ಟ ಶುಷ್ಕಕೋಶದ (ಸೆಲ್‌ನ) ಸತುವಿನ ಕವಚ ತಿಂದುಹೋಗಿ, ರಸ ಸೋರಿ, ತಾಮ್ರದ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆಮೇಲೆ ಹೊಸ ಸೆಲ್ ಹಾಕಿದರೂ ಬಲ್ಬು ಹೊತ್ತುವುದಿಲ್ಲ. ಪಟ್ಟಿ ಆಯಸ್ಕಾಂತಗಳನ್ನು ಜೋಡಿಯಾಗಿ, ವಿರುದ್ಧ ಧ್ರುವಗಳು ಅಕ್ಕಪಕ್ಕ ಬರುವಂತೆ, ನಡುವೆ ಮರದ ಪಟ್ಟಿ ಮತ್ತು ಎರಡೂ ತುದಿಗೆ ಮೆದು ಕಬ್ಬಿಣದ ತುಂಡು ಇಟ್ಟು ಎತ್ತಿಡಬೇಕು. ಹೇಗೆಂದರೆ ಹಾಗೆ ರಾಶಿ ಹಾಕಿದರೆ ಬರಬರುತ್ತಾ ಅವುಗಳ ಶಕ್ತಿ ಕುಂದುತ್ತದೆ. ಆಮ್ಲ, ಪ್ರತ್ಯಾಮ್ಲಗಳನ್ನು ಬಣ್ಣದಿಂದ ಗುರುತಿಸಿಕೊಡುವ ಲಿಟ್ಮಸ್ ಕಾಗದ, ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ಮಳೆಗಾಲದ ತೇವಕ್ಕೇ ಕೆಡುತ್ತದೆ. ಲಿಟ್ಮಸ್ ಇಲ್ಲವೆಂದು ಪಾಠ ನಿಲ್ಲಿಸುವ ಅಗತ್ಯವೂ ಇಲ್ಲ ಅನ್ನಿ: ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಸೂಚಕ ಸಿದ್ಧ. ನಿಂಬೆರಸಕ್ಕೆ ಅದು ಗಾಢ ಗುಲಾಬಿಯಾಗುತ್ತದೆ, ಸೋಪಿನ ನೀರಿಗೆ ಹಸಿರಾಗುತ್ತದೆ. ಅರಿಶಿನ ಸೋಪಿನ ನೀರಿನಂಥ ಪ್ರತ್ಯಾಮ್ಲಕ್ಕೆ ಕೆಂಪಾಗುತ್ತದೆ, ನಿಂಬೆರಸದಂಥ ಆಮ್ಲಕ್ಕೆ ಬದಲಾಗುವುದಿಲ್ಲ. ಈ ವ್ಯತ್ಯಾಸವನ್ನು ಮಗು ತನ್ನ ಕೈಯಾರೆ ಮಾಡಿ ಕಂಡುಕೊಳ್ಳಬೇಕು, ಬೋರ್ಡಿನಿಂದ ನಕಲು ಮಾಡಿಕೊಳ್ಳುವುದಲ್ಲ.

ನಾಲ್ಕು ಮಕ್ಕಳಿಗೆ ಒಂದು ಸೆಟ್ ಬೇಕು. ಮೂವತ್ತು ಮಕ್ಕಳ ಮುಂದೆ ಶಿಕ್ಷಕರೊಬ್ಬರೇ ಮಾಡಿ ತೋರಿಸಿದರೆ ಹಿಂದಿನ ಸಾಲಿಗೆ ಕಾಣುವುದು ಅವರ ಬೆನ್ನು. ಎರಡು ಸೆಲ್, ಒಂದು ಟಾರ್ಚ್ ಬಲ್ಬು, ಮೂರು ತುಂಡು ವೈರು, ಒಂದು ಪಿನ್ನು, ಒಂದು ರಟ್ಟು: ವಿದ್ಯುತ್ ಮಂಡಲದ ಪಾಠಕ್ಕೆ ಒಂದು ಗುಂಪಿಗೆ ಇಷ್ಟು ಸಾಕು. ಹೆಚ್ಚಿನ ಸಲ ಬಲ್ಬು ಹೊತ್ತದಿರುವುದು ವೈರಿನ ತುದಿಯ ಪ್ಲಾಸ್ಟಿಕ್ ಸುಲಿಯದೆ ಇರುವುದಕ್ಕೋ, ಸೆಲ್‌ಗಳನ್ನು ಎದುರುಬದುರು ಜೋಡಿಸಿರುವುದಕ್ಕೋ. ಆ ತಪ್ಪನ್ನು ಹುಡುಕುವುದರಲ್ಲೇ ಅರ್ಧ ಕಲಿಕೆ ಇದೆ.

ಆದ್ದರಿಂದ ಬೀಗ ತೆಗೆಸಿ. ಬಾಯಿಮಾತಿನ ಸೂಚನೆ ಸಾಲದು, ಲಿಖಿತ ಆದೇಶ ಬೇಕು. ಸೆಲ್, ಬಲ್ಬು, ವೈರು, ಲಿಟ್ಮಸ್, ಗಾಜಿನ ನಳಿಕೆಗಳು ಬಳಸಿ ಮುಗಿಯುವ ಸಾಮಾನು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿಸಿ. ಪಾಠದ ವೇಳೆ ಒಡೆದದ್ದನ್ನು ಎಸ್‌ಡಿಎಂಸಿ ಠರಾವಿನ ಮೇಲೆ ವಹಿಯಿಂದ ಕಡಿಮೆ ಮಾಡಲು ದಾರಿ ಮಾಡಿಕೊಡಿ. ಆ ಅಧಿಕಾರ ನಿಮಗಿಲ್ಲದಿದ್ದರೆ ಮೇಲಿನವರಿಗೆ ಬರೆದು, ಪ್ರತಿಯನ್ನು ಶಾಲೆಗಳಿಗೆ ಕಳಿಸಿ. ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ. ಅವರಲ್ಲಿ ಬಡಗಿಗಳಿದ್ದಾರೆ, ವೈರಿಂಗ್ ಬಲ್ಲವರಿದ್ದಾರೆ, ಹೊಲಿಗೆಯವರಿದ್ದಾರೆ. ಆಯಸ್ಕಾಂತಕ್ಕೆ ಮರದ ಪೆಟ್ಟಿಗೆ ಮಾಡಿಕೊಡಲು, ಕಿಲುಬು ಹಿಡಿದ ಸ್ವಿಚ್ ಸರಿಮಾಡಲು, ಮಕ್ಕಳ ಪಕ್ಕ ಕೂತು ಕಲಿಸಲು ಒಂದು ಶನಿವಾರ ಬರಲು ಅವರು ಸಿದ್ಧ. ಕಪಾಟೇ ತೆರೆಯದಿದ್ದರೆ ಅವರು ಬಂದು ಮಾಡುವುದೇನು?

ಬೀಗ ತೆಗೆಸಿ ಸ್ವಾಮಿ. ಈ ವರ್ಷ ಏಳನೇ ತರಗತಿಯಲ್ಲಿರುವ ಮಕ್ಕಳು ಶಾಲೆ ಬಿಡುವ ಮೊದಲೇ ತೆಗೆಸಿ.

ಇಂತಿ,
ಪೋಷಕರ ಪರವಾಗಿ, ಎಸ್‌ಡಿಎಂಸಿ ಸದಸ್ಯರೊಬ್ಬರು