ಹಂದಿಯ ಮೂತ್ರಕೋಶದಿಂದ ಶುರು ಮಾಡು

ಪ್ರೀತಿಯ ತಮ್ಮಾ,

ಬಣ್ಣದ ಟ್ಯೂಬ್ ಕಂಡುಹಿಡಿದ ಜಾನ್ ಗಾಫ್ ರ‍್ಯಾಂಡ್ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲೇ ಮೋನೆ, ಸೆಜಾನ್, ಪಿಸಾರೊ ಅನ್ನುವ ದೊಡ್ಡ ಚಿತ್ರಕಾರರೆಲ್ಲರೂ ಬಂದು ಕೂತಿದ್ದಾರೆ. ರ‍್ಯಾಂಡ್ ಬರುವುದು ಮೂರನೇ ಪುಟಕ್ಕೆ. ನೆಂಟರ ಊಟ ಮುಗಿದ ಮೇಲೆ ಮದುಮಗ ಬಂದ ಹಾಗಾಯ್ತು!

ಟ್ಯೂಬಿನ ಬಣ್ಣ ಇಲ್ಲದಿದ್ದರೆ ಇಂಪ್ರೆಷನಿಸಂ, ಅಂದರೆ ಬಯಲಿಗೆ ಹೋಗಿ ಆ ಹೊತ್ತಿನ ಬೆಳಕನ್ನು ಕಂಡ ಹಾಗೆ ಚಿತ್ರಿಸುವ ಆ ಪಂಥ, ಇರುತ್ತಲೇ ಇರಲಿಲ್ಲ ಅನ್ನುವ ಅದೇ ಗುಂಪಿನ ಚಿತ್ರಕಾರ ರೆನ್ವಾ ಮಾತಿನಿಂದ ಶುರು ಮಾಡಿದ್ದೀಯ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಬಿಟ್ಟುಬಿಡು.

ನನಗೆ ಇಷ್ಟವಾಗಿದ್ದು ಒಂದೇ ಸಾಲು: ಟ್ಯೂಬ್ ಬರುವುದಕ್ಕೂ ಮುಂಚೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಇಡುತ್ತಿದ್ದರು ಅನ್ನುವುದು. ಅಷ್ಟು ಹೇಳಿ ಓಡಿದ್ದೀಯ. ಅಲ್ಲೇ ನಿಲ್ಲಬೇಕಿತ್ತು ಅಲ್ವಾ? ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವನ್ನು ಆ ಚೀಲಕ್ಕೆ ತುಂಬಿ ದಾರದಿಂದ ಬಿಗಿಯುತ್ತಿದ್ದರು. ಬೇಕಾದಾಗ ಸಣ್ಣ ಮೊಳೆಯಿಂದ ಚುಚ್ಚಿ ಹಿಂಡಬೇಕು. ಆಮೇಲೆ ಆ ತೂತು ಮುಚ್ಚುವುದು ಹೇಗೆ? ಅದೇ ಮೊಳೆ ಸಿಕ್ಕಿಸಿದರೂ ಸರಿಯಾಗಿ ಮುಚ್ಚದು. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಗಾಳಿ ಹೊಕ್ಕಿತೋ, ಬಣ್ಣ ಕೆಟ್ಟಿತು. ಹೊತ್ತುಕೊಂಡು ಹೊರಗೆ ಹೊರಟರೆ ದಾರಿಯಲ್ಲೇ ಒಡೆಯುವ ಭಯ ಬೇರೆ.

ಇಷ್ಟಾದ ಮೇಲೆ ರ‍್ಯಾಂಡ್‌ನನ್ನು ಕರೆತಾ. 1801ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಬೆಡ್‌ಫರ್ಡ್‌ನಲ್ಲಿ ಹುಟ್ಟಿ, ಲಂಡನ್ನಿಗೆ ಬಂದ ಭಾವಚಿತ್ರ ಕಲಾವಿದ. ಈ ಚೀಲದ ಪಾಡು ಅವನ ಕಸುಬಿನ ಪಾಡು. ಅವನು ಮಾಡಿದ್ದು ತೆಳು ತವರದ ಕೊಳವೆ. ಬಣ್ಣ ತುಂಬಿ, ತುದಿ ಮಡಚಿ, ಇಕ್ಕಳದಿಂದ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಹಿಂಡಿದಷ್ಟೂ ಕುಗ್ಗುತ್ತದೆ, ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುವುದಿಲ್ಲ. ಜಾಣತನ ಇರುವುದೇ ಇಲ್ಲಿ. ನೀನೋ ಸುಮ್ನೆ "ಕ್ರಾಂತಿಕಾರಿ ಆವಿಷ್ಕಾರ" ಅಂದುಬಿಟ್ಟೆ. ಈಗಿನ ಪ್ಲಾಸ್ಟಿಕ್ ಟೂತ್‌ಪೇಸ್ಟ್ ಟ್ಯೂಬ್ ಕೈಬಿಟ್ಟ ಕೂಡಲೇ ಉಬ್ಬಿಕೊಳ್ಳುತ್ತದೆ. ಹಳೆಯ ಲೋಹದ ಟ್ಯೂಬ್ ಹೇಗಿತ್ತು ಅಂತ ನಿಮ್ಮಮ್ಮನನ್ನು ಕೇಳಿ ನೋಡು.

1841ರ ಸೆಪ್ಟೆಂಬರ್ 11ರಂದು ಅವನಿಗೆ ಸಿಕ್ಕ ಅಮೆರಿಕದ ಪೇಟೆಂಟ್‌ನ ಸಂಖ್ಯೆ 2,252. ವಿಶೇಷಣ ಹುಡುಕುವ ಮುಂಚೆ ಅದನ್ನು ಓದು. ಬಣ್ಣ ಇಡುವ ಪಾತ್ರೆಯನ್ನು ಸುಧಾರಿಸಿದ್ದೇನೆ ಅನ್ನುವ ಅರ್ಥದ ಸಾದಾ ತಲೆಬರಹ. ಅಲ್ಲಿ ಕಲಾಲೋಕದ ಮಾತೇ ಇಲ್ಲ.

ಇನ್ನೊಂದು. ಅವನು ಹೆಂಡತಿಯ ಹತ್ತಿರ "ನಾನು ಕಲೆಯ ದಿಕ್ಕನ್ನೇ ಬದಲಿಸುತ್ತೇನೆ" ಅನ್ನುವ ದೃಶ್ಯವನ್ನು ಕಿತ್ತುಹಾಕು. ಬೈಯುತ್ತಿಲ್ಲ, ನಾನೂ ಮಾಡಿದವಳೇ. ತೀರಿಹೋದ ಒಬ್ಬ ಸಂಗೀತಗಾರರ ಬಾಯಿಗೆ ಒಮ್ಮೆ ಚಂದದ ಮಾತು ತುರುಕಿದ್ದೆ. ಅವರ ಮೊಮ್ಮಗ ಮನೆಗೇ ಬಂದು, "ಅಜ್ಜ ಇದನ್ನು ಯಾರ ಹತ್ರ ಹೇಳಿದ್ರು ಮೇಡಂ?" ಅಂತ ತುಂಬಾ ಮೆತ್ತಗೆ ಕೇಳಿದರು. ನಾನು ಕಾಫಿ ತರುತ್ತೇನೆ ಅಂತ ಒಳಗೆ ಹೋದೆ. ಆವತ್ತು ಕಾಫಿ ಆಗಲು ಜಾಸ್ತಿ ಹೊತ್ತು ಹಿಡಿಯಿತು.

ಕೊನೆಯ ಪುಟದಲ್ಲಿ ನೀನು ಹೊಗಳಿದ್ದು ಸಾಕು. ರ‍್ಯಾಂಡ್ ತೀರಿಕೊಂಡಿದ್ದು 1873ರಲ್ಲಿ. ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ಪ್ಯಾರಿಸ್ಸಿನಲ್ಲಿ ನಡೆದಿದ್ದು 1874ರಲ್ಲಿ. ಈ ಎರಡು ಇಸವಿ ಪಕ್ಕಪಕ್ಕ ಇಟ್ಟು ಕೈ ತೆಗೆ.

ತಿದ್ದಿದ ಪ್ರತಿಯನ್ನು ದಸರಾ ಒಳಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಕನ್ನಡಕ ಬದಲಿಸಬೇಕಾಗಿದೆ.

ನಿನ್ನ
ಅಕ್ಕ