ಸೊಂಟ ಹಿಡಿದಿದೆ ಅಂತ ಹಾಸಿಗೆ ಹಿಡಿಯಬೇಡ

ಮಂಜು,

ಟೊಮೆಟೊ ಬಾಕ್ಸ್ ಎತ್ತುವಾಗ ಸೊಂಟ ಹಿಡಿದುಕೊಂಡಿತು, ಅವತ್ತಿನಿಂದ ಮಲಗೇ ಇದ್ದಾನೆ ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಮೊದಲು ಎದ್ದು ಓಡಾಡು ಕಣೋ.

ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸನ್ನು ಬಗ್ಗಿ ಎತ್ತಿ, ಸೊಂಟ ತಿರುಗಿಸಿ ಲಾರಿಗೆ ಹಾಕೋದು, ಬೆಳಗಿನಿಂದ ಅದೇ ಆದರೆ ಯಾರ ಸೊಂಟ ತಡೆಯುತ್ತೆ ಹೇಳು? ಇಂಥ ನೋವು ಹೆಚ್ಚಾಗಿ ಸ್ನಾಯು ಎಳೆದಿದ್ದರಿಂದ ಬರೋದು. ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಮಲಗಿದಷ್ಟೂ ಬಿಗಿ ಜಾಸ್ತಿ. ಸ್ವಲ್ಪ ಸ್ವಲ್ಪ ನಡಿ, ಬಿಸಿನೀರಿನ ಶಾಖ ಕೊಟ್ಟುಕೋ, ಸದ್ಯಕ್ಕೆ ಭಾರ ಬೇಡ. ಮುಂದೆ ಎತ್ತುವಾಗ ಮೊಣಕಾಲು ಮಡಿಸಿ, ಬಾಕ್ಸನ್ನು ಮೈಗೆ ಒತ್ತಿ ಹಿಡಿದು ಎತ್ತು. ತಿರುಗಬೇಕಾದರೆ ಪಾದ ತಿರುಗಿಸು, ಸೊಂಟ ಅಲ್ಲ.

ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿದರೆ ಸರಿಹೋಗುತ್ತೆ ಅಂತ ಅಜ್ಜಿ ಹೇಳೇ ಹೇಳ್ತಾಳೆ. ಎದುರು ಮಾತಾಡಬೇಡ, ಒದೆಸಿಕೊಳ್ಳಲೂ ಬೇಡ. ಸುಮ್ನೆ ಎಂಆರ್‌ಐಗೂ ದುಡ್ಡು ಸುರಿಯಬೇಡ, ನೋವೇ ಇಲ್ಲದ ಎಷ್ಟೋ ಜನಕ್ಕೂ ಅದರಲ್ಲಿ ಡಿಸ್ಕ್ ಉಬ್ಬಿರೋದು ಕಾಣುತ್ತೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನು ದಿನಾ ನುಂಗುತ್ತಾ ಹೋದರೆ ಹೊಟ್ಟೆ ಹುಣ್ಣಾಗುತ್ತೆ, ಕಿಡ್ನಿಗೂ ಪೆಟ್ಟು. ನಿಮ್ಮಪ್ಪನಿಗೆ ಶುಗರ್ ಇದೆ, ಅವನಿಗಂತೂ ಅದನ್ನು ಹಂಚಬೇಡ.

ಇನ್ನೊಂದು ಮಾತು, ಇದರಲ್ಲಿ ನಾಚಿಕೆ ಬೇಡ. ಒಂದಕ್ಕೆ ಕಟ್ಟಿಕೊಂಡರೆ, ಒಂದೋ ಎರಡೋ ಗೊತ್ತಾಗದೆ ಆಗಿಹೋದರೆ, ತೊಡೆಸಂದಿ ಅಥವಾ ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ, ಬೆಳಗಾಗಲಿ ಅಂತ ಕಾಯಬೇಡ. 108ಕ್ಕೆ ಫೋನ್ ಮಾಡು, ಕೋಲಾರದ ಜಿಲ್ಲಾಸ್ಪತ್ರೆ ಎಸ್.ಎನ್.ಆರ್.ಗೆ ಹೋಗು. ಬೆನ್ನುಮೂಳೆಯ ಕೆಳತುದಿಯ ನರಗಳು ಒತ್ತಿಕೊಂಡಿದ್ದರೆ ಹೀಗಾಗುತ್ತೆ. ತಡವಾದರೆ ಆಪರೇಷನ್ ಆದರೂ ಕಳೆದ ಹಿಡಿತ ಪೂರ್ತಿ ವಾಪಸ್ ಬರುತ್ತೆ ಅನ್ನೋ ಹಾಗಿಲ್ಲ.

ಸಂಜೆ ಜ್ವರ, ತೂಕ ಇಳಿಯೋದು, ಮಲಗಿದರೂ ಬಿಡದ ನೋವು, ಇವಿದ್ದರೂ ಡಾಕ್ಟರಿಗೆ ತೋರಿಸು. ಟಿಬಿ ಬೆನ್ನುಮೂಳೆಗೂ ಬರುತ್ತೆ, ಅದಕ್ಕೆ ಕೆಮ್ಮು ಇರಲೇಬೇಕು ಅಂತೇನಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ. ಇದ್ಯಾವುದೂ ಇಲ್ಲದಿದ್ದರೂ ತಿಂಗಳು ಕಳೆದು ನೋವು ಇಳಿಯದಿದ್ದರೆ ಹೋಗಿ ಬಾ.

ಮೇಸ್ತ್ರಿ ಹತ್ತಿರ ನಾನು ಮಾತಾಡುತ್ತೇನೆ. ಒಂದೆರಡು ವಾರ ಲೆಕ್ಕ ಬರೆಯೋ ಕೆಲಸ ಕೊಡಲಿ.

ನಿನ್ನ ಮಾವ